ಮನೆಯಲ್ಲೇ ಕಟ್ಟಿದ ಟರ್ಬೊ ಡೀಸೆಲ್ ಎಂಜಿನ್ ಟ್ಯೂನ್ ಮಾಡುವ ಬಗೆ: ಮೊದಲು ಗಾಳಿ, ಕೊನೆಗೆ ಡೀಸೆಲ್

ನಮ್ಮ ಶೆಡ್ಡಿನ ಮೇಜಿನ ಮೇಲೆ ಒಂದು ಪಿಸ್ಟನ್ ಇಟ್ಟುಕೊಂಡಿದ್ದೇನೆ. ಅಗಲ 69.6 ಮಿಲಿಮೀಟರ್, ಅಂಗೈಯಲ್ಲಿ ಕೂರುವಷ್ಟು. ಅದರ ತಲೆಯಲ್ಲಿರುವ ಬಟ್ಟಲಿನ ಅಂಚು ಒಂದು ಕಡೆ ಕರಗಿ, ಬಿಸಿಲಿಗಿಟ್ಟ ಬೆಲ್ಲದಚ್ಚಿನ ಹಾಗೆ ಒಳಕ್ಕೆ ಜಾರಿದೆ. ಮೂರನೇ ಸಿಲಿಂಡರಿನದು. ಆ ಎಂಜಿನ್ ಕಟ್ಟಲು ನನಗೂ ನನ್ನ ಭಾವನಿಗೂ ಐದು ತಿಂಗಳ ಭಾನುವಾರಗಳು ಬೇಕಾಗಿದ್ದವು, ಕೆಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಯಾರೋ ಕೊಟ್ಟ ಸಿದ್ಧ ಫೈಲನ್ನು ಇಸಿಎಂಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ತುಂಬಿದೆವು. ಡೀಸೆಲ್ ಜಾಸ್ತಿಯಾಯಿತು, ಗಾಳಿ ಇದ್ದಷ್ಟೇ ಇತ್ತು. ಹೊಗೆಯ ಉಷ್ಣ ಅಳೆಯುವ ಮೀಟರ್ ಹಾಕಿರಲಿಲ್ಲ. ಪಿಕಪ್ ಸಿಕ್ಕಿದ ಖುಷಿಯಲ್ಲಿ ಹಿಂದಿನ ಕನ್ನಡಿ ಕಪ್ಪಾಗಿದ್ದನ್ನು ನೋಡಲೇ ಇಲ್ಲ.

ಎರಡನೇ ಸಲ ಅದೇ ಎಂಜಿನನ್ನು ಸರಿಯಾದ ಕ್ರಮದಲ್ಲಿ ಮಾಡಿದೆವು. ಈಗಲೂ ಓಡುತ್ತಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ: ಅಳತೆ, ಗಾಳಿ, ಉಷ್ಣ, ಅದಾದ ಮೇಲೆ ಡೀಸೆಲ್.

ಯಾವ ಎಂಜಿನ್, ಯಾಕೆ

ನಾನು ಉದಾಹರಣೆಗೆ ಹಿಡಿದಿರುವುದು ಫಿಯೆಟ್‌ನ 1.3 ಮಲ್ಟಿಜೆಟ್. ನಮ್ಮಲ್ಲಿ ಸ್ವಿಫ್ಟ್, ಡಿಸೈರ್, ರಿಟ್ಜ್, ಪುಂಟೊ, ಲೀನಿಯಾ, ಇಂಡಿಕಾ ವಿಸ್ಟಾ ಇಷ್ಟೆಲ್ಲ ಕಾರುಗಳಲ್ಲಿ ಬಂದ ಎಂಜಿನ್ ಇದು. ಯುರೋಪಿನಲ್ಲಿ 2003ರಲ್ಲಿ ಬಂತು. ಇಲ್ಲಿ 2007ರ ಆರಂಭದಲ್ಲಿ ಸ್ವಿಫ್ಟ್ ಡಿಡಿಐಎಸ್ ಮೂಲಕ ಮನೆಮಾತಾಯಿತು. 2020ರಲ್ಲಿ ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ ನಿಂತಿತು. 1248 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಬೆಲ್ಟಿನ ಬದಲು ಟೈಮಿಂಗ್ ಚೈನ್. ಸ್ವಿಫ್ಟ್‌ನಲ್ಲಿ ಇದು 75 ಪಿಎಸ್ (ಅಶ್ವಶಕ್ತಿ) ಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಎಸ್ಎಕ್ಸ್4, ಎರ್ಟಿಗಾದಂಥ ಕಾರುಗಳಲ್ಲಿ ಇದೇ ಎಂಜಿನ್ನಿಗೆ ರೆಕ್ಕೆ ಹೊರಳುವ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಸಾಧನ) ಹಾಕಿ 90 ಪಿಎಸ್ ತೆಗೆದರು.

ಹಾಳಾದರೆ ಇನ್ನೊಂದು ಸಿಗುತ್ತದೆ ಎಂಬುದೇ ಇದನ್ನು ಆರಿಸಲು ನನಗಿದ್ದ ದೊಡ್ಡ ಕಾರಣ. ಯಾವ ಊರಿನ ಗುಜರಿಗೆ ಹೋದರೂ ಇದರ ಹೆಡ್, ಕ್ರ್ಯಾಂಕ್, ಡೀಸೆಲ್ ಎರಚುವ ನೋಸಲ್ ಸಿಗುತ್ತವೆ, ಇದನ್ನು ಕಣ್ಣುಮುಚ್ಚಿ ಬಿಚ್ಚಿ ಕಟ್ಟುವ ಮೇಸ್ತ್ರಿಗಳೂ ಸಿಗುತ್ತಾರೆ. ಬೇರೆ ಕಾಮನ್ ರೈಲ್ ಎಂಜಿನ್ ನಿಮ್ಮ ಬಳಿ ಇದ್ದರೂ ಕ್ರಮ ಇದೇ, ಅಂಕಿಗಳು ಮಾತ್ರ ಬೇರೆ.

ನನ್ನ ಗುರಿ 120 ಪಿಎಸ್ ಆಸುಪಾಸು. ಮೂಲ ಪಿಸ್ಟನ್, ಮೂಲ ಕನೆಕ್ಟಿಂಗ್ ರಾಡ್ ಇಟ್ಟುಕೊಂಡು ಅದಕ್ಕಿಂತ ಮೇಲೆ ಆಸೆಪಡಬೇಡಿ.

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ರಸ್ತೆಯ ಕಾರಿಗೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ನಮ್ಮದು ಟ್ರ್ಯಾಕಿಗೆಂದೇ ಇಟ್ಟ ಕಾರು. ಲಾರಿಯ ಮೇಲೇರಿಸಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ಟ್ರ್ಯಾಕಿಗೋ ಒಯ್ಯುತ್ತೇವೆ. ಮನೆಯವರನ್ನು ಕೂರಿಸಿಕೊಂಡು ಓಡಾಡುವ ಕಾರಿಗೆ ಈ ಕೆಲಸ ಮಾಡಬೇಡಿ.

ಟ್ಯೂನಿಂಗಿಗೆ ಮುಂಚೆ ಎಂಜಿನ್ ಗಟ್ಟಿಯಿದೆಯೇ

ಮನೆಯಲ್ಲಿ ಕಟ್ಟಿದ ಎಂಜಿನ್ ಎಂದ ಮೇಲೆ ನಮ್ಮ ಕೈಗೆಲಸದ ಮೇಲೆ ನಮಗೇ ಮೊದಲು ಅನುಮಾನವಿರಬೇಕು. ಹೆಡ್ ಬೋಲ್ಟುಗಳು ಹೊಸವೇ ಆಗಿರಲಿ. ಅವು ಒಮ್ಮೆ ಹಿಗ್ಗಿದ ಮೇಲೆ ಮತ್ತೆ ಅದೇ ಬಿಗಿ ಕೊಡುವುದಿಲ್ಲ. ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜಿನಲ್ಲಿ ನಾಲ್ಕಕ್ಕೂ ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ತನ್ನಿ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿದರೆ ಕಂಪ್ರೆಷನ್ ಲೆಕ್ಕ ತಪ್ಪುತ್ತದೆ.

ಈ ಎಂಜಿನ್ನಿನ ದುರ್ಬಲ ಜಾಗ ಟೈಮಿಂಗ್ ಚೈನ್. ಎಣ್ಣೆ ಕಡಿಮೆಯಾಗಿ ಓಡಿದ ಎಂಜಿನ್‌ನಲ್ಲಿ ಚೈನ್ ಸಡಿಲಾಗಿ, ಒಂದು ದಿನ ಹಲ್ಲು ಜಾರಿ ವಾಲ್ವು ಪಿಸ್ಟನ್‌ಗೆ ಹೊಡೆಯುತ್ತದೆ. ಗುಜರಿಯಿಂದ ತಂದ ಎಂಜಿನ್ ಆದರೆ ಚೈನ್, ಟೆನ್ಷನರ್, ಗೈಡ್ ಮೂರನ್ನೂ ಬದಲಿಸಿ. ಪಿಸ್ಟನ್ ಕೆಳಗೆ ಎಣ್ಣೆ ಚಿಮ್ಮಿಸುವ ಜೆಟ್ಟುಗಳನ್ನು ಬಿಚ್ಚಿ ತೊಳೆದು, ಗಾಳಿ ಬಿಟ್ಟು ನೋಡಿ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮಿಶ್ರಲೋಹ ಅದಕ್ಕೂ ಮುಂಚೆಯೇ ಮೆದುವಾಗುತ್ತದೆ, ಒಳಗಿನ ಬೆಂಕಿ ಎರಡು ಸಾವಿರ ಡಿಗ್ರಿ ದಾಟುತ್ತದೆ. ನಡುವೆ ನಿಂತು ಕಾಪಾಡುವುದು ಆ ಸಣ್ಣ ಜೆಟ್ಟಿನ ಎಣ್ಣೆ. ನಮ್ಮ ಮೂರನೇ ಸಿಲಿಂಡರಿನ ಜೆಟ್ಟಿನಲ್ಲಿ ಗ್ಯಾಸ್ಕೆಟ್ ಪೇಸ್ಟಿನ ಒಂದು ಚೂರು ಸಿಕ್ಕಿಕೊಂಡಿತ್ತು. ಜೀರಿಗೆಯಷ್ಟು ದೊಡ್ಡದು. ನಾಲ್ಕರಲ್ಲಿ ಅದೇ ಒಂದು ಪಿಸ್ಟನ್ ಯಾಕೆ ಕರಗಿತು ಎಂಬುದಕ್ಕೆ ಉತ್ತರ ಅಲ್ಲಿತ್ತು. ಫೈಲ್ ಕೆಟ್ಟದ್ದಿತ್ತು, ನಿಜ, ಆದರೆ ಪೇಸ್ಟ್ ಬಳಿದದ್ದು ನಾನೇ.

ನೋಸಲ್‌ಗಳನ್ನು ಡೀಸೆಲ್ ಪಂಪ್ ರಿಪೇರಿ ಮಾಡುವ ಅಂಗಡಿಗೆ ಕೊಟ್ಟು ಬೆಂಚಿನ ಮೇಲೆ ಪರೀಕ್ಷೆ ಮಾಡಿಸಿ. ನಾಲ್ಕೂ ಸಮನಾಗಿ ಎರಚಬೇಕು, ರಿಟರ್ನ್ ಪೈಪಿನಲ್ಲಿ ವಾಪಸ್ ಬರುವ ಡೀಸೆಲ್ ಕೂಡ ಹೆಚ್ಚುಕಡಿಮೆ ಸಮ ಇರಬೇಕು. ನೋಸಲ್ ಮೇಲೆ ಕೋಡ್ ಕೊರೆದಿದ್ದರೆ ಬರೆದಿಟ್ಟುಕೊಂಡು ಸ್ಕ್ಯಾನರ್‌ನಿಂದ ಇಸಿಎಂಗೆ ತಿಳಿಸಿ. ಒಂದು ನೋಸಲ್ ತೊಟ್ಟಿಕ್ಕುತ್ತಿದ್ದರೆ ನೀವು ಮಾಡುವ ಟ್ಯೂನಿಂಗ್ ಎಲ್ಲ ಆ ಸಿಲಿಂಡರಿನ ಮೇಲೆಯೇ ಬೀಳುತ್ತದೆ.

ಮೊದಲ ಸ್ಟಾರ್ಟ್ ಅವಸರದಲ್ಲಿ ಮಾಡಬೇಡಿ. ಟರ್ಬೊಗೆ ಎಣ್ಣೆ ಕೊಡುವ ಪೈಪನ್ನು ಬಿಚ್ಚಿ, ಟರ್ಬೊ ಬೇರಿಂಗಿಗೆ ಸಿರಿಂಜಿನಲ್ಲಿ ಎಣ್ಣೆ ಹಾಕಿ, ನೋಸಲ್ ವೈರುಗಳನ್ನು ಕಳಚಿ, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆ ಪೈಪಿನ ಬಾಯಿಂದ ಎಣ್ಣೆ ತೊಟ್ಟಿಕ್ಕುವುದನ್ನು ಕಣ್ಣಾರೆ ಕಂಡ ಮೇಲೆ ಪೈಪ್ ಸೇರಿಸಿ, ವೈರು ಹಾಕಿ. ನಿಮಿಷಕ್ಕೆ ಎರಡು ಲಕ್ಷ ಸುತ್ತು ಮೀರುವ ಟರ್ಬೊ ಒಣಗಿ ತಿರುಗಿದರೆ ಅದರ ಆಯುಷ್ಯ ಸೆಕೆಂಡುಗಳಲ್ಲಿ.

ಎರಡು ಎಚ್ಚರಿಕೆ. ನಾಲ್ಕೂ ನೋಸಲ್‌ಗೆ ಡೀಸೆಲ್ ಹಂಚುವ ಕೊಳವೆಗೆ ರೈಲ್ ಎನ್ನುತ್ತಾರೆ, ಅದರಲ್ಲಿ ಒತ್ತಡ 1400 ರಿಂದ 1600 ಬಾರ್. ಸೋರಿಕೆಯನ್ನು ಬೆರಳಿಟ್ಟು ಹುಡುಕಿದರೆ ಆ ಎಳೆ ಚರ್ಮ ತೂರಿ ಮಾಂಸದೊಳಗೆ ಇಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು, ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಇನ್ನೊಂದು, ಟರ್ಬೊ ಸೀಲ್ ಹೋಗಿ ಎಂಜಿನ್ ತನ್ನ ಎಣ್ಣೆಯನ್ನೇ ಕುಡಿದು ತಾನೇ ರೇಸ್ ಆಗತೊಡಗಿದರೆ ಕೀ ತೆಗೆದರೂ ನಿಲ್ಲುವುದಿಲ್ಲ. ಗಾಳಿ ಒಳಹೋಗುವ ಬಾಯಿಯನ್ನು ಮುಚ್ಚುವಷ್ಟು ಅಗಲದ ಪ್ಲೈವುಡ್ ತುಂಡು ಪಕ್ಕದಲ್ಲೇ ಇರಲಿ. ಕೈಯಿಂದ ಮುಚ್ಚಲು ಹೋಗಬೇಡಿ.

ಮೀಟರ್ ಇಲ್ಲದೆ ಒಂದು ಹೆಜ್ಜೆಯೂ ಬೇಡ

ದುಡ್ಡು ಕಡಿಮೆ ಇದ್ದರೆ ಟರ್ಬೊ ಮುಂದಕ್ಕೆ ಹಾಕಿ, ಮೀಟರ್ ಮೊದಲು ತನ್ನಿ. ನನಗೆ ಅತಿ ಮುಖ್ಯ ಎನಿಸಿದ್ದು ಹೊಗೆಯ ಉಷ್ಣ ಅಳೆಯುವ ಇಜಿಟಿ ಮೀಟರ್. ಕೆ ಟೈಪ್ ಥರ್ಮೋಕಪಲ್ (ಉಷ್ಣ ಓದುವ ಕಡ್ಡಿ), ನಾಲ್ಕೂ ಸಿಲಿಂಡರಿನ ಹೊಗೆ ಕೂಡುವ ಜಾಗದಲ್ಲಿ, ಟರ್ಬೊಗಿಂತ ಮುಂಚೆ. ಟರ್ಬೊ ಆದ ಮೇಲೆ ಕೂರಿಸುವವರಿದ್ದಾರೆ, ಅಲ್ಲಿ ಕೊರೆಯುವುದು ಸುಲಭ. ಆದರೆ ಟರ್ಬೈನ್ ಉಷ್ಣವನ್ನೇ ತಿಂದು ತಿರುಗುವುದರಿಂದ ಪೂರ್ತಿ ಲೋಡಿನಲ್ಲಿ ಆ ಕಡೆ ನೂರಿನ್ನೂರು ಡಿಗ್ರಿ ಕಡಿಮೆ ತೋರಿಸುತ್ತದೆ. ಪಿಸ್ಟನ್ ಅನುಭವಿಸುವುದು ಈ ಕಡೆಯ ಉಷ್ಣ. ಹೊಗೆ ಕೂಡುವ ಆ ಮ್ಯಾನಿಫೋಲ್ಡನ್ನು ಎಂಜಿನ್ನಿನಿಂದ ಬಿಚ್ಚಿಯೇ ಕೊರೆಯಿರಿ. ಒಂದು ಚೂರು ಕಬ್ಬಿಣದ ಪುಡಿ ಟರ್ಬೈನಿಗೆ ಹೋದರೂ ರೆಕ್ಕೆ ಚೂರಾಗುತ್ತದೆ.

ನಮ್ಮ ಎಂಜಿನ್ನಿಗೆ ನಾನು ಹಾಕಿಕೊಂಡ ಗೆರೆ: ಎಷ್ಟು ಹೊತ್ತಾದರೂ 750 ಡಿಗ್ರಿ, ಕೆಲವೇ ಸೆಕೆಂಡಿಗೆ 800. ಅದು ದಾಟಿದರೆ ಕಾಲು ತೆಗೆಯುವುದು, ವಾದವಿಲ್ಲ.

ಅದರ ಜೊತೆಗೆ ಟರ್ಬೊ ತಳ್ಳುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರ್, ಎಣ್ಣೆ ಒತ್ತಡದ ಮೀಟರ್, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಆದ ಮೇಲಿನ ಗಾಳಿಯ ಉಷ್ಣ. ಸಾಧ್ಯವಾದರೆ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್. ಸ್ಕ್ಯಾನರ್ ಸೇರಿಸುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಅಡಾಪ್ಟರಿನಿಂದಲೇ ಕೇಳಿದ ಬೂಸ್ಟ್ ಎಷ್ಟು, ಬಂದದ್ದೆಷ್ಟು, ಕೇಳಿದ ರೈಲ್ ಒತ್ತಡ ಎಷ್ಟು, ಬಂದದ್ದೆಷ್ಟು, ಒಂದು ಸ್ಟ್ರೋಕಿಗೆ ಎಷ್ಟು ಮಿಲಿಗ್ರಾಂ ಗಾಳಿ, ಇಷ್ಟನ್ನೂ ದಾಖಲಿಸಬಹುದು. ಮೊದಲು ಮೂಲ ಫೈಲಿನಲ್ಲೇ ಓಡಿಸಿ ಒಂದು ಪೂರ್ತಿ ದಾಖಲೆ ಇಟ್ಟುಕೊಳ್ಳಿ. ಮುಂದೆ ಏನೇ ಬದಲಾದರೂ ಹೋಲಿಸಲು ಅದೇ ಆಧಾರ.

ಗಾಳಿಯ ಲೆಕ್ಕ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯನ್ನು ಹಿಡಿದು ಶಕ್ತಿ ನಿಯಂತ್ರಿಸುತ್ತಾರೆ. ಡೀಸೆಲಿನಲ್ಲಿ ಗಾಳಿ ಯಾವಾಗಲೂ ಒಳಗೆ ಬರುತ್ತಲೇ ಇರುತ್ತದೆ, ಎಷ್ಟು ಡೀಸೆಲ್ ಎರಚುತ್ತೇವೋ ಅಷ್ಟು ಶಕ್ತಿ. ಹಾಗಾಗಿಯೇ ಡೀಸೆಲ್ ಏರಿಸುವ ಆಸೆ ಮೊದಲು ಹುಟ್ಟುವುದು. ಆದರೆ ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ 14.5 ಗ್ರಾಂ ಗಾಳಿ ಬೇಕು. ಸಿಲಿಂಡರಿನೊಳಗೆ ಎರಡೂ ಚೆನ್ನಾಗಿ ಬೆರೆಯಲು ಸಮಯ ಸಿಗದೆ ಇರುವುದರಿಂದ ನಿಜಕ್ಕೂ ಬೇಕಾದದ್ದು 18ರ ಸುತ್ತ. 17ಕ್ಕಿಂತ ಕೆಳಗಿಳಿದರೆ ಕಪ್ಪು ಹೊಗೆ, ಜೊತೆಗೆ ಉಷ್ಣ.

ಈಗ 4000 ಆರ್‌ಪಿಎಂಗೆ ನಮ್ಮ ಎಂಜಿನ್ನಿನ ಲೆಕ್ಕ ಮಾಡೋಣ. ಒಂದು ಸಿಲಿಂಡರ್ 312 ಸಿಸಿ. ಅದರಲ್ಲಿ ಶೇಕಡ 90ರಷ್ಟು ತುಂಬುತ್ತದೆ ಎಂದಿಟ್ಟುಕೊಂಡರೆ 281 ಸಿಸಿ. ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 0.91 ಬಾರ್, ಮೀಟರಿನಲ್ಲಿ 1.5 ಬಾರ್ ಬೂಸ್ಟ್ ಕಂಡರೆ ಒಟ್ಟು 2.4. ಇಂಟರ್‌ಕೂಲರ್ ಆದ ಮೇಲೆ ಗಾಳಿ 50 ಡಿಗ್ರಿ ಇದ್ದರೆ ಅದರ ತೂಕ ಲೀಟರಿಗೆ 2.6 ಗ್ರಾಂ ಚಿಲ್ಲರೆ. ಅಂದರೆ ಒಂದು ಸ್ಟ್ರೋಕಿಗೆ ಸುಮಾರು 730 ಮಿಲಿಗ್ರಾಂ ಗಾಳಿ. ಅದನ್ನು 18ರಿಂದ ಭಾಗಿಸಿದರೆ 40 ಮಿಲಿಗ್ರಾಂ ಡೀಸೆಲ್. ಗಂಟೆಗೆ ಸುಮಾರು 19 ಕಿಲೊ. ಒಂದು ಕಿಲೊವ್ಯಾಟ್ ಗಂಟೆಗೆ 215 ಗ್ರಾಂ ಖರ್ಚು ಎಂದು ಹಿಡಿದರೆ 90 ಕಿಲೊವ್ಯಾಟ್, ಅಂದರೆ 122 ಪಿಎಸ್. 120ರ ಗುರಿ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ. ಇಸಿಎಂ ಮುಟ್ಟುವ ಮುಂಚೆ ಈ ಲೆಕ್ಕವನ್ನು ನಿಮ್ಮ ಎಂಜಿನ್ನಿಗೆ ಕಾಗದದ ಮೇಲೆ ಮಾಡಿ. ಗಾಳಿ ಸಾಲದಿದ್ದರೆ ಫೈಲಿನಲ್ಲಿ ಏನು ಬರೆದರೂ ಹೊಗೆಯೇ ಬರುವುದು.

ಸ್ವಿಫ್ಟ್‌ನ ಮೂಲ ಕೆಪಿ35 ಟರ್ಬೊ ಬಲು ಚಿಕ್ಕದು. 75 ಪಿಎಸ್‌ಗೆ ಲೆಕ್ಕ ಹಾಕಿ ಕೂರಿಸಿದ್ದು. ಅದನ್ನೇ ಒತ್ತಿ 1.5 ಬಾರ್ ತೆಗೆಯಲು ಹೋದರೆ ಮೀಟರಿನಲ್ಲಿ ಬೂಸ್ಟ್ ಕಾಣುತ್ತದೆ, ಆದರೆ ಬರುವುದು ಕಾದ ಗಾಳಿ. ಕಾದ ಗಾಳಿಗೆ ತೂಕ ಇಲ್ಲ. ಪ್ರತಿ 10 ಡಿಗ್ರಿ ಏರಿದರೆ ಶೇಕಡ 3ರಷ್ಟು ಗಾಳಿ ಹೋಯಿತು ಎಂದೇ ತಿಳಿಯಿರಿ. ನಾವು 90 ಪಿಎಸ್ ಎಂಜಿನ್ನಿನ ರೆಕ್ಕೆ ಹೊರಳುವ ಟರ್ಬೊ ತಂದು, ಅದರ ಕಂಪ್ರೆಸರ್ ಚಕ್ರವನ್ನು ಒಂದು ಅಳತೆ ದೊಡ್ಡದು ಮಾಡಿಸಿ, ಬ್ಯಾಲೆನ್ಸ್ ಮಾಡಿಸಿ ಹಾಕಿದೆವು. ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ.

ರೆಕ್ಕೆ ಹೊರಳುವ ಟರ್ಬೊದಲ್ಲಿ ಒಂದು ಬಲೆ ಇದೆ. ರೆಕ್ಕೆಗಳನ್ನು ಬಿಗಿ ಮುಚ್ಚಿದರೆ ಬೂಸ್ಟ್ ಬೇಗ ಏರುತ್ತದೆ, ಆದರೆ ಹೊಗೆ ಹೊರಹೋಗಲು ದಾರಿಯಿಲ್ಲದೆ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕಟ್ಟುತ್ತದೆ. ಪಿಸ್ಟನ್ ತನ್ನ ಶಕ್ತಿಯನ್ನು ಆ ಹೊಗೆ ತಳ್ಳಲು ಖರ್ಚು ಮಾಡಬೇಕು. ಮ್ಯಾನಿಫೋಲ್ಡಿನಿಂದ ಒಂದು ಮೀಟರ್ ತಾಮ್ರದ ಕೊಳವೆ ಸುರುಳಿ ಸುತ್ತಿ ಎಳೆದು, ಅದರ ಕೊನೆಗೆ ಸಾಧಾರಣ ಪ್ರೆಷರ್ ಗೇಜ್ ಹಾಕಿ ನೋಡಿ. ಬೂಸ್ಟ್ 1.5 ಇರುವಾಗ ಹೊಗೆಯ ಒತ್ತಡ 2ರ ಒಳಗಿದ್ದರೆ ಒಳ್ಳೆಯದು. 3 ತಲುಪಿದರೆ ಟರ್ಬೊ ಉಸಿರುಗಟ್ಟಿದೆ, ರೆಕ್ಕೆಗಳನ್ನು ಇನ್ನಷ್ಟು ತೆರೆಯಿರಿ. ಈ ಹತ್ತು ನಿಮಿಷದ ಪರೀಕ್ಷೆ ಮಾಡುವವರು ತುಂಬ ಕಡಿಮೆ. ನನಗೆ ಇದರಿಂದ ಸಿಕ್ಕಷ್ಟು ಲಾಭ ಬೇರೆ ಯಾವ ಮೀಟರಿನಿಂದಲೂ ಸಿಕ್ಕಿಲ್ಲ.

ಪೈಪುಗಳಿಗೆ ಸೋಪಿನ ನೀರಿನ ಪರೀಕ್ಷೆ ಮಾಡಿ. ಟರ್ಬೊ ಬಾಯಿಗೆ ಮುಚ್ಚಳ ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ 1.5 ಬಾರ್ ಗಾಳಿ ಬಿಟ್ಟು, ಒಂದೊಂದು ಕ್ಲಿಪ್ಪಿಗೂ ನೊರೆ ಹಚ್ಚುತ್ತ ಹೋಗಿ. ನಮ್ಮದರಲ್ಲಿ ಇಂಟರ್‌ಕೂಲರಿನ ಕೆಳಗಿನ ಮೂಲೆಯಲ್ಲಿ ಗುಳ್ಳೆ ಎದ್ದಿತು, ಕಣ್ಣಿಗೆ ಕಾಣದ ಬಿರುಕು. ಅದಿದ್ದರೆ ಟರ್ಬೊ ಕೇಳಿದ ಬೂಸ್ಟ್ ಕೊಡಲು ಇನ್ನೂ ಜೋರಾಗಿ ತಿರುಗುತ್ತಲೇ ಇರುತ್ತದೆ, ಒಂದು ದಿನ ಒಡೆಯುತ್ತದೆ.

ಬೂಸ್ಟ್ ಸೆನ್ಸರ್ ಎಷ್ಟರವರೆಗೆ ಓದುತ್ತದೆ ಎಂದೂ ನೋಡಿ. ಒಟ್ಟು 2.5 ಬಾರ್‌ವರೆಗೆ ಮಾತ್ರ ಓದುವ ಸೆನ್ಸರ್ ಇದ್ದರೆ ಅದರಾಚೆ ಇಸಿಎಂ ಕುರುಡು. 3 ಬಾರ್ ಸೆನ್ಸರ್ ಹಾಕಿ ಅದರ ಅಳತೆಪಟ್ಟಿಯನ್ನು ಫೈಲಿನಲ್ಲಿ ಬದಲಿಸಬೇಕು.

ಊರಿನ ಎತ್ತರದ ಮಾತು ನಮ್ಮ ರಾಜ್ಯಕ್ಕೆ ತುಂಬ ಮುಖ್ಯ. ಒಟ್ಟು 2.4 ಬಾರ್ ಬೇಕೆಂದರೆ ಮಂಗಳೂರಿನಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 2.4 ಪಟ್ಟು ಒತ್ತಿದರೆ ಸಾಕು. ಬೆಂಗಳೂರಿನಲ್ಲಿ 2.6 ಪಟ್ಟು. ಮುಳ್ಳಯ್ಯನಗಿರಿಯ ಎತ್ತರದಲ್ಲಿ ಹೊರಗಿನ ಒತ್ತಡವೇ 0.8 ಬಾರ್, ಅಲ್ಲಿ ಮೂರು ಪಟ್ಟು. ಕರಾವಳಿಯಲ್ಲಿ ಸುಖವಾಗಿದ್ದ ಟರ್ಬೊ ಗಿರಿಯ ಮೇಲೆ ಮಿತಿಮೀರಿ ತಿರುಗುತ್ತದೆ. ಎತ್ತರಕ್ಕೆ ತಕ್ಕಂತೆ ಬೂಸ್ಟ್ ಇಳಿಸುವ ಪಟ್ಟಿ ಇಸಿಎಂನಲ್ಲಿ ಇರುತ್ತದೆ, ಅದನ್ನು ತೆಗೆಯಬೇಡಿ.

ಇಸಿಎಂ ಒಳಗೆ

ಮೊದಲ ಕೆಲಸ ಮೂಲ ಫೈಲನ್ನು ಓದಿ ಮೂರು ಜಾಗದಲ್ಲಿ ಇಟ್ಟುಕೊಳ್ಳುವುದು. ಓದುವಾಗ ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಾಕಿಯೇ ಇರಲಿ. ಬರೆಯುವ ಮಧ್ಯೆ ವೋಲ್ಟೇಜ್ ಬಿದ್ದರೆ ಇಸಿಎಂ ಸತ್ತಿತು. ಬದಲಿಸಿದ ಮೇಲೆ ಚೆಕ್‌ಸಮ್ (ಫೈಲ್ ಸರಿಯಿದೆಯೇ ಎಂದು ತಾಳೆ ನೋಡುವ ಅಂಕಿ) ಸರಿಮಾಡದೆ ಬರೆಯಬೇಡಿ.

ಒಳಗೆ ನಡೆಯುವುದು ಹೀಗೆ. ನೀವು ಆಕ್ಸಿಲರೇಟರ್ ಒತ್ತಿದರೆ ಇಸಿಎಂ ಅದನ್ನು ಇಷ್ಟು ಟಾರ್ಕ್ ಬೇಕು ಎಂದು ಓದಿಕೊಳ್ಳುತ್ತದೆ. ಆ ಬೇಡಿಕೆ ಟಾರ್ಕ್ ಮಿತಿಯ ಪಟ್ಟಿಯನ್ನು ದಾಟಬೇಕು. ಆಮೇಲೆ ಅದು ಮಿಲಿಗ್ರಾಂ ಡೀಸೆಲ್ ಆಗುತ್ತದೆ. ಆ ಡೀಸೆಲ್ ಹೊಗೆ ಮಿತಿಯ ಪಟ್ಟಿಯನ್ನು ದಾಟಬೇಕು, ಅಲ್ಲಿ ಇದ್ದ ಗಾಳಿಗೆ ಇಷ್ಟೇ ಡೀಸೆಲ್ ಎಂದು ಬರೆದಿರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೇ ಜಯ. ಕೊನೆಗೆ ಆ ಮಿಲಿಗ್ರಾಂಗೆ ರೈಲ್ ಒತ್ತಡ ಎಷ್ಟು, ನೋಸಲ್ ಎಷ್ಟು ಮೈಕ್ರೊಸೆಕೆಂಡ್ ತೆರೆದಿರಬೇಕು, ಯಾವಾಗ ತೆರೆಯಬೇಕು ಎಂಬ ಮೂರು ಪಟ್ಟಿಗಳು. ಬೇರೆ ಬೇರೆ ಇಸಿಎಂಗಳಲ್ಲಿ ಹೆಸರು ಬೇರೆ, ಸರಪಳಿ ಇದೇ.

ಕೆಟ್ಟ ಫೈಲ್ ಗುರುತಿಸುವುದು ಸುಲಭ: ಹೊಗೆ ಮಿತಿಯ ಪಟ್ಟಿಯನ್ನು ಪೂರ್ತಿ ಏರಿಸಿ ಸಪಾಟು ಮಾಡಿರುತ್ತಾರೆ. ನಮಗೆ ಸಿಕ್ಕ ಫೈಲ್ ಹಾಗೇ ಇತ್ತು. ಇಂಟರ್‌ಕೂಲರ್ ಪೈಪ್ ಕಳಚಿಹೋದರೂ ಆ ಫೈಲ್ ಡೀಸೆಲ್ ಸುರಿಯುತ್ತಲೇ ಇರುತ್ತದೆ. ಈ ಪಟ್ಟಿ ನಿಮ್ಮ ಎಂಜಿನ್ನಿನ ಕಾವಲುಗಾರ. ಅದನ್ನು ಗಾಳಿಯ ತೂಕಕ್ಕೆ ಕಟ್ಟಿ, ಎಲ್ಲ ಜಾಗದಲ್ಲೂ 18ರಿಂದ ಭಾಗಿಸಿ ತುಂಬಿ. 600 ಮಿಲಿಗ್ರಾಂ ಗಾಳಿಗೆ 33, 730ಕ್ಕೆ 40, ಹೀಗೆ. ಗಾಳಿಯ ತೂಕ ಅಳೆಯುವ ಮಾಸ್ ಏರ್ ಸೆನ್ಸರ್ ಸ್ವಚ್ಛವಾಗಿದ್ದರೆ ಮಾತ್ರ ಈ ಪಟ್ಟಿಗೆ ಅರ್ಥ.

ಆಮೇಲೆ ಟಾರ್ಕ್ ಮಿತಿ. ಪಿಎಸ್ ನೋಡಿ ಮರುಳಾಗುವವರು ಮರೆಯುವುದು ಇದನ್ನೇ: ಕನೆಕ್ಟಿಂಗ್ ರಾಡ್ ಬಗ್ಗುವುದು 4000 ಆರ್‌ಪಿಎಂನಲ್ಲಿ ಅಲ್ಲ, 1800ರಲ್ಲಿ. ನಾಲ್ಕನೇ ಗೇರಿನಲ್ಲಿ ಕೆಳಗಿನಿಂದ ಕಾಲು ಒತ್ತಿದಾಗ ಪಿಸ್ಟನ್ ನಿಧಾನವಾಗಿರುತ್ತದೆ, ಒತ್ತಡ ಹೆಚ್ಚು ಹೊತ್ತು ನಿಲ್ಲುತ್ತದೆ. ನಮ್ಮ ಪಟ್ಟಿ 1500ಕ್ಕೆ 160 ನ್ಯೂಟನ್ ಮೀಟರ್, 2000ಕ್ಕೆ 220, 2500ಕ್ಕೆ 260, 3500ಕ್ಕೆ 245, 4000ಕ್ಕೆ 215. ಕೆಳಗೆ ಮೆಲ್ಲಗೆ ಏರುತ್ತದೆ, ಮೇಲೆ ಗಾಳಿ ಸಾಲದಾಗ ತಾನಾಗಿ ಇಳಿಯುತ್ತದೆ. ಟಾರ್ಕನ್ನು ಆರ್‌ಪಿಎಂಗೆ ಗುಣಿಸಿ 7024ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ, ನೀವೇ ಲೆಕ್ಕ ಹಾಕಿ ನೋಡಿ. ಕ್ಲಚ್ ಪ್ಲೇಟ್ ಮೂಲದ್ದೇ ಆಗಿದ್ದರೆ 260 ಬರುವ ಮುಂಚೆಯೇ ಜಾರತೊಡಗುತ್ತದೆ, ಸುಟ್ಟ ವಾಸನೆ ಮೊದಲ ಸೂಚನೆ.

ಡೀಸೆಲ್ ಏರಿಸುವುದು, ಟೈಮಿಂಗ್ ಸರಿಸುವುದು

ಇಲ್ಲಿಂದ ಮುಂದಿನ ಕೆಲಸ ಡೈನೋ ಮೇಲೆ, ಅಂದರೆ ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ. ಬೆಂಗಳೂರಿನಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುತ್ತದೆ. ಹೈವೇಯಲ್ಲಿ ಟ್ಯೂನ್ ಮಾಡುವುದು ಬೇರೆಯವರ ಜೀವದ ಜೊತೆ ಆಟ.

ಒಂದು ಸಲಕ್ಕೆ ಎರಡು ಮಿಲಿಗ್ರಾಂ ಮಾತ್ರ ಏರಿಸಿ. ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ 1500ರಿಂದ 4500ರವರೆಗೆ ಒಂದು ಓಟ. ಇಜಿಟಿ, ಬೂಸ್ಟ್, ರೈಲ್ ಒತ್ತಡ, ಹೊಗೆ ನಾಲ್ಕನ್ನೂ ನೋಡಿ, ಬರೆದುಕೊಳ್ಳಿ, ಎಂಜಿನ್ ತಣಿಯಲು ಬಿಡಿ, ಮುಂದಿನದು. ಎರಡು ಮಿಲಿಗ್ರಾಂ ಏರಿಸಿಯೂ ಟಾರ್ಕ್ ಏರದೆ ಬರೀ ಉಷ್ಣ ಏರಿದರೆ ಅಲ್ಲಿಗೆ ಆ ಎಂಜಿನ್ನಿನ ಗಾಳಿ ಮುಗಿಯಿತು. ಒಂದು ಹೆಜ್ಜೆ ಹಿಂದೆ ಬನ್ನಿ.

ಟೈಮಿಂಗಿಗೆ, ಅಂದರೆ ನೋಸಲ್ ಯಾವಾಗ ತೆರೆಯಬೇಕು ಎಂಬುದಕ್ಕೆ, ಒಂದು ಲೆಕ್ಕ ತಿಳಿದಿರಬೇಕು. 4000 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 24 ಡಿಗ್ರಿ ತಿರುಗುತ್ತದೆ, 2000ದಲ್ಲಿ 12. ನೋಸಲ್ 1000 ಮೈಕ್ರೊಸೆಕೆಂಡ್ ತೆರೆದಿದ್ದುದು 1250 ಆದರೆ 24 ಡಿಗ್ರಿ ಇದ್ದದ್ದು 30 ಆಯಿತು. ಶುರು ಅಲ್ಲೇ ಇದ್ದರೆ ಆ ಹೆಚ್ಚಿನ ಆರು ಡಿಗ್ರಿ ಪಿಸ್ಟನ್ ಕೆಳಗಿಳಿಯುವಾಗ ಉರಿಯುತ್ತದೆ. ತಳ್ಳುವ ಕೆಲಸಕ್ಕೆ ಬಾರದೆ ಹೊಗೆಯ ಉಷ್ಣವಾಗಿ ಟರ್ಬೊ ಮೇಲೆ ಬೀಳುತ್ತದೆ. ಹಾಗಾಗಿ ಹೆಚ್ಚಾದದ್ದರ ಅರ್ಧದಷ್ಟು, ಇಲ್ಲಿ ಮೂರು ಡಿಗ್ರಿ, ಶುರುವನ್ನು ಮುಂಚೆಗೆ ತನ್ನಿ. ಅದನ್ನೂ ಒಂದೊಂದೇ ಡಿಗ್ರಿ. ಇಜಿಟಿ ಇಳಿದು ಟಾರ್ಕ್ ಏರುತ್ತಿದ್ದರೆ ಸರಿದಾರಿ. ಟಾರ್ಕ್ ಏರುವುದು ನಿಂತ ಕೂಡಲೇ ಟೈಮಿಂಗೂ ನಿಲ್ಲಿಸಿ. ಆಮೇಲೆ ಇಜಿಟಿ ಇಳಿಯುತ್ತಲೇ ಹೋಗುವುದನ್ನು ನೋಡಿ ಖುಷಿಪಡಬೇಡಿ, ಆ ಉಷ್ಣವೆಲ್ಲ ಒತ್ತಡವಾಗಿ ಹೆಡ್ ಗ್ಯಾಸ್ಕೆಟ್ಟಿನ ಮೇಲೆ, ರಾಡಿನ ಮೇಲೆ ಕೂತಿರುತ್ತದೆ. ಅದನ್ನು ತೋರಿಸುವ ಮೀಟರ್ ನಮ್ಮಂಥವರ ಬಳಿ ಇರುವುದಿಲ್ಲ. ಕಿವಿಗೆ ಒಣ ಗಟ್ಟಿ ಬಡಿತ ಕೇಳಿದರೆ ಎರಡು ಡಿಗ್ರಿ ಹಿಂದಕ್ಕೆ.

ನೋಸಲ್ 30 ಡಿಗ್ರಿಗಿಂತ ಹೆಚ್ಚು ತೆರೆದಿರಬೇಕು ಎಂಬ ಪರಿಸ್ಥಿತಿ ಬಂದರೆ ನೋಸಲ್ ಚಿಕ್ಕದಾಯಿತು ಎಂದರ್ಥ. ರೈಲ್ ಒತ್ತಡ ಏರಿಸಿ ಅದನ್ನು ಮುಚ್ಚಿಹಾಕಲು ಹೋಗಬೇಡಿ. ಮೂಲ ಗರಿಷ್ಠ ಒತ್ತಡ ಎಷ್ಟೋ ಅಷ್ಟೇ ಇರಲಿ. ಕೇಳಿದ ಒತ್ತಡಕ್ಕಿಂತ ಬಂದದ್ದು ನೂರು ಬಾರ್ ಹಿಂದೆ ಬಿದ್ದರೆ ಪಂಪು ದಣಿದಿದೆ, ಅಥವಾ ಡೀಸೆಲ್ ಫಿಲ್ಟರ್ ಕಟ್ಟಿದೆ. ಮೊದಲು ಫಿಲ್ಟರ್ ನೋಡಿ. ಪೈಲಟ್ ಇಂಜೆಕ್ಷನ್ (ಮುಖ್ಯ ಡೀಸೆಲ್‌ಗೆ ಮುಂಚೆ ಎರಚುವ ಸಣ್ಣ ತುಣುಕು) ಮುಟ್ಟಲೇಬೇಡಿ, ಮುಖ್ಯ ಬೆಂಕಿ ಮೆತ್ತಗೆ ಹತ್ತಿಕೊಳ್ಳುವುದು ಅದರಿಂದಲೇ.

ಹೊಗೆ ಓದಲು ಕಲಿಯಿರಿ. ಗೇರ್ ಬದಲಿಸುವಾಗ ತೆಳುವಾಗಿ ಒಮ್ಮೆ ಕಪ್ಪು ಕಂಡು ಮಾಯವಾದರೆ ಟರ್ಬೊ ಎದ್ದೇಳುವ ಮುಂಚಿನ ಡೀಸೆಲ್ ಸ್ವಲ್ಪ ಹೆಚ್ಚು. ಪೂರ್ತಿ ಓಟದಲ್ಲಿ ಕಪ್ಪಿದ್ದರೆ ಗಾಳಿ ಸಾಲದು. ಬಿಸಿ ಎಂಜಿನ್ನಿನಲ್ಲಿ ಬಿಳಿ ಹೊಗೆ, ಕಣ್ಣು ಉರಿಯುವ ಹಸಿ ಡೀಸೆಲ್ ವಾಸನೆ ಬಂದರೆ ನೋಸಲ್ ತೊಟ್ಟಿಕ್ಕುತ್ತಿದೆ ಅಥವಾ ಟೈಮಿಂಗ್ ತಡ. ನೀಲಿ ಬಂದರೆ ಎಣ್ಣೆ, ಟರ್ಬೊ ಸೀಲ್ ನೋಡಿ. ನಾವು ನೋಸಲ್ ಕೊಡುವ ಅಂಗಡಿಯ ಹಿರಿಯ ಮೇಸ್ತ್ರಿಗಳು ಡೈನೋ ದಿನ ಜೊತೆಗೆ ಬಂದಿದ್ದರು. ಏಳನೇ ಓಟದಲ್ಲಿ ಸ್ಕ್ರೀನ್ ನೋಡದೆ ಸೈಲೆನ್ಸರ್ ಹಿಂದೆ ನಿಂತಿದ್ದವರು ಕೈ ಎತ್ತಿ, "ಸಾಕು ನಿಲ್ಸಪ್ಪ, ಈಗ ಹೊಗೆ ಬಣ್ಣ ತಿರುಗ್ತು" ಎಂದರು. "ಮೇಸ್ತ್ರಿಗಳೇ, ಇಜಿಟಿ ಇನ್ನೂ 740 ಇದೆಯಲ್ಲ" ಎಂದೆ. "ಇನ್ನೊಂದ್ಸಲ ಓಡ್ಸು, ನೋಡ್ಕೊ" ಎಂದರು. ಇನ್ನೆರಡು ಮಿಲಿಗ್ರಾಂ ಏರಿಸಿ ಓಡಿಸಿದರೆ ಟಾರ್ಕ್ ಅಷ್ಟೇ ಇತ್ತು, ಇಜಿಟಿ 790. ಅವರು ಕೈ ಎತ್ತಿದ ಓಟದ ಫೈಲೇ ಇವತ್ತಿಗೂ ಕಾರಿನಲ್ಲಿರುವುದು. ಆವತ್ತಿನ ಲೆಕ್ಕ 118 ಪಿಎಸ್.

ಓಡಿಸಿದ ಮೇಲೆ

ಟ್ರ್ಯಾಕಿನಿಂದ ಇಳಿದ ಕೂಡಲೇ ಕೀ ತೆಗೆಯಬೇಡಿ. ಇಜಿಟಿ 250ಕ್ಕೆ ಇಳಿಯುವವರೆಗೆ ಐಡಲಿನಲ್ಲಿ ಬಿಡಿ, ಇಲ್ಲದಿದ್ದರೆ ಕಾದ ಟರ್ಬೊ ಒಳಗೆ ನಿಂತ ಎಣ್ಣೆ ಸುಟ್ಟು ಇದ್ದಿಲಾಗುತ್ತದೆ. ಎಣ್ಣೆ ಒಳ್ಳೆಯ ಸಿಂಥೆಟಿಕ್ ಇರಲಿ, ನಾವು ಪ್ರತಿ ಟ್ರ್ಯಾಕ್ ದಿನದ ಮುಂಚೆ ಬದಲಿಸುತ್ತೇವೆ. ಎಣ್ಣೆ ಕಡ್ಡಿಯನ್ನು ಪ್ರತಿ ಓಟದ ನಂತರ ನೋಡಿ. ಮಟ್ಟ ಏರಿದ್ದರೆ ಡೀಸೆಲ್ ಬೆರೆಯುತ್ತಿದೆ, ಇಳಿದಿದ್ದರೆ ಎಂಜಿನ್ ಕುಡಿಯುತ್ತಿದೆ.

ಮೊದಲ ಟ್ರ್ಯಾಕ್ ದಿನದ ಮರುದಿನ ಎಣ್ಣೆ ಫಿಲ್ಟರಿನ ಕಾಗದವನ್ನು ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಅಲ್ಯೂಮಿನಿಯಂ ಹೊಳಪಿನ ಚುಕ್ಕೆಗಳಿದ್ದರೆ ಪಿಸ್ಟನ್. ತಾಮ್ರದ ಬಣ್ಣ ಕಂಡರೆ ಬೇರಿಂಗ್. ಆಯಸ್ಕಾಂತಕ್ಕೆ ಅಂಟುವ ಪುಡಿ ಕ್ರ್ಯಾಂಕ್ ಅಥವಾ ಚೈನ್ ಕಡೆಯದು. ಮೂರೂ ಇಲ್ಲದೆ ಬರೀ ಕಪ್ಪು ಮಸಿ ಇದ್ದರೆ ಹೊಸ ಫಿಲ್ಟರ್ ಹಾಕಿ, ಹೆಡ್ಡಿನ ಸುತ್ತ ಮತ್ತು ಇಂಟರ್‌ಕೂಲರಿನ ಪ್ರತಿ ಕ್ಲಿಪ್ಪನ್ನು ಒಮ್ಮೆ ಕೈಯಿಂದ ಸವರಿ ನೋಡಿ, ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಕಟ್ಟಿದ ದಿನ ಬರೆದಿಟ್ಟ ಅಂಕಿಗಿಂತ ಯಾವುದಾದರೂ ಒಂದು ಸಿಲಿಂಡರ್ ಎರಡು ಮೂರು ಬಾರ್ ಕೆಳಗಿದ್ದರೆ, ಆ ಸಿಲಿಂಡರಿನ ನೋಸಲ್ಲನ್ನು ಬಿಚ್ಚಿ ಅದೇ ದಿನ ಬೆಂಚಿಗೆ ಒಯ್ಯಿರಿ.